ಕಾರು ತಣ್ಣಗಾಗುವವರೆಗೆ

ನಮ್ಮ ಕಾರಿನ ರೋಗ ಏನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಗಂಡನ ಮುಂದೆ ಸುಳ್ಳು ಹೇಳಿದೆ — ಆ ಸುಳ್ಳಿನಿಂದ ಅವರ ಬಾಲ್ಯದ ಗೆಳೆಯ ಎರಡು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಕೋಡಿಹಳ್ಳಿಯ ಮನೆಯಿಂದ ಹೊರಡುವಾಗ ಕಾರು ಚೆನ್ನಾಗಿಯೇ ಸ್ಟಾರ್ಟ್ ಆಗುತ್ತಿತ್ತು. ಓಡಿ ಬಿಸಿಯಾದ ಮೇಲೆ ಆಫ್ ಮಾಡಿದರೆ ಮುಗಿಯಿತು. ಸೆಲ್ಫ್ ಗರಗರ ತಿರುಗುತ್ತಿತ್ತು, ಎಂಜಿನ್ ಹಿಡಿಯುತ್ತಿರಲಿಲ್ಲ. ಅರ್ಧ ಗಂಟೆ ತಣ್ಣಗಾಗಲು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು.

ಆ ಅರ್ಧ ಗಂಟೆ — ಹೇಗೆ ಹೇಳಲಿ — ನನಗೆ ಹಬ್ಬ. ನನ್ನ ಅಕ್ಕ ದೊಡ್ಡಆಲಹಳ್ಳಿಯಲ್ಲಿ ರೇಷ್ಮೆಹುಳು ಸಾಕುತ್ತಾಳೆ. ನಮ್ಮನೆಯವರು ಒಳ್ಳೆಯವರು, ಆದರೆ ಅವಸರದವರು. ಅಕ್ಕನ ಮನೆಯಲ್ಲಿ ಕಾಫಿ ಲೋಟ ಕೆಳಗಿಡುವ ಮೊದಲೇ "ನಡಿ, ಹೊತ್ತಾಯ್ತು" ಎನ್ನುತ್ತಿದ್ದರು. ಕಾರು ಮುನಿಸಿಕೊಂಡ ದಿನ ಮಾತ್ರ ನಾನು ಅಕ್ಕನ ಜೊತೆ ಹುಳುಗಳಿಗೆ ಸೊಪ್ಪು ಹಾಕುತ್ತಾ ಕೂರುತ್ತಿದ್ದೆ. ಎರಡು ಸಲ ಬಸಿರು ನಿಲ್ಲದೆ ಹೋದದ್ದನ್ನು ಅವಳು ಹೇಳಿಕೊಂಡು ಅತ್ತದ್ದು ಹಾಗೆ ಕೂತಾಗಲೇ...

ಕನಕಪುರದಲ್ಲಿ ಗಾಡಿ ರಿಪೇರಿ ಶೆಡ್ ಇಟ್ಟಿರುವ ಅನ್ವರಣ್ಣ ನಮ್ಮನೆಯವರ ಜೊತೆ ಶಾಲೆಗೆ ಹೋದವರು. ನಮ್ಮನೆಯವರು ನೋಡಲೆಂದು ಬಿಟ್ಟುಬಂದ ಕಾರನ್ನು ಅವರು ಕಬ್ಬಾಳಿನವರೆಗೆ ಓಡಿಸಿ, ಬೇಕೆಂದೇ ಬಿಸಿ ಮಾಡಿ ನಿಲ್ಲಿಸಿದರಂತೆ. ಸ್ಟಾರ್ಟ್ ಆಗಲಿಲ್ಲ, ಪ್ಲಗ್ಗಿಗೆ ಕಿಡಿಯೇ ಇಲ್ಲ. ಎಂಜಿನ್ ಪಕ್ಕದ ಪುಟ್ಟ ಸೆನ್ಸರ್ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸಿದರು — ಹಿಡಿಯಿತು. ಕಾರು ತಂದುಬಿಟ್ಟಾಗ ನಮ್ಮನೆಯವರು ತೋಟದಲ್ಲಿದ್ದರು.

"ಸೆನ್ಸರ್ ಹೋಗೈತೆ ಕಣಮ್ಮಾ. ಬಿಸಿಗೆ ಸತ್ತೋಯ್ತದೆ, ತಣ್ಣಗಾದ್ರೆ ಎದ್ದೇಳ್ತದೆ. ರಾಜಂಗೆ ಹೇಳ್ಬುಡಿ, ಹೂಂ ಅಂದ್ರೆ ಹೊಸದು ತರಿಸಿ ಹಾಕ್ತೀನಿ" ಎಂದರು.

ಸಂಜೆ ನಮ್ಮನೆಯವರು ಕೇಳಿದರು.

"ಏನೂ ತೊಂದ್ರೆ ಇಲ್ಲ ಅಂದ್ರು" ಎಂದೆ.

ಅಷ್ಟೇ. ಕೆಲವು ದಿನಗಳಲ್ಲಿ, ನೆಂಟರನ್ನು ಕೂರಿಸಿಕೊಂಡು ಹೊರಟಿದ್ದಾಗ, ಪೆಟ್ರೋಲ್ ಬಂಕಿನಲ್ಲಿ ಆಫ್ ಮಾಡಿದ ಕಾರು ಮತ್ತೆ ಏಳಲಿಲ್ಲ. ಹಿಂದಿನ ಗಾಡಿಗಳೆಲ್ಲ ಹಾರ್ನ್ ಹಾಕುತ್ತಿದ್ದವು. ನಮ್ಮನೆಯವರು ಅಲ್ಲಿಂದಲೇ ಫೋನ್ ಮಾಡಿದರು. "ಗಾಡೀನ ಮುಟ್ಟೇ ಇಲ್ಲ ಕಣ್ಲಾ ನೀನು! ನನ್ ಹತ್ರಾನೇ ಆಟ ಕಟ್ತೀಯಾ? ಇನ್ಮೇಲೆ ನಮ್ಮನೆ ಕಡೆ ಬರ್ಬೇಡ!" ಸೆನ್ಸರ್ ವಿಷಯ ನನಗೆ ತಿಳಿಸಿದ್ದನ್ನು ಅನ್ವರಣ್ಣ ಹೇಳಲಿಲ್ಲ. ಹೇಳಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಹಿಂದಿನ ಸೀಟಿನಲ್ಲಿ ನಾನು — ಎಲ್ಲವನ್ನೂ ಕೇಳುತ್ತಾ — ಸುಮ್ಮನೆ ಕೂತಿದ್ದೆ.

ಬೇರೆ ಕಡೆ ಬ್ಯಾಟರಿ ಬದಲಾಯಿತು, ಸೆಲ್ಫ್ ಮೋಟಾರ್ ಬದಲಾಯಿತು. ರೋಗ ಹಾಗೇ ಉಳಿಯಿತು. ಈ ನಡುವೆ ಅನ್ವರಣ್ಣನ ತಾಯಿ ತೀರಿಕೊಂಡರು. ಶಾಲೆಯ ದಿನಗಳಲ್ಲಿ ನಮ್ಮನೆಯವರಿಗೆ ಮಗನಿಗೆಂಬಂತೆ ಬಡಿಸಿದ ಕೈ ಅದು. ನಮ್ಮನೆಯವರು ಅಂಗಿ ಹಾಕಿಕೊಂಡು ಬಾಗಿಲವರೆಗೆ ಬಂದು, ವಾಪಸ್ಸು ಹೋಗಿ ಕೂತರು. ಆಗಲೂ ನಾನು ಬಾಯಿಬಿಡಲಿಲ್ಲ.

ಎರಡು ವರ್ಷ ಕಳೆದ ಮೇಲೆ ತಮ್ಮ ಮಗಳ ಮದುವೆಗೆ ಕರೆಯಲು ಅನ್ವರಣ್ಣನೇ ಬಂದರು. ನಮ್ಮನೆಯವರು ಮುಖ ತಿರುಗಿಸಿದರು. ಅನ್ವರಣ್ಣ ನನ್ನ ಕಡೆ ನೋಡಿ, "ಇರ್ಲಿ ಬಿಡಮ್ಮಾ" ಎಂದಷ್ಟೇ ಹೇಳಿ ಮೆಟ್ಟಿಲಿಳಿದರು. ನಾನೇ ಮುಚ್ಚಿಟ್ಟದ್ದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು! ನನಗೆ ತಡೆಯಲಾಗಲಿಲ್ಲ. "ಅಣ್ಣಾ, ನಿಲ್ಲಿ" ಎಂದವಳೇ ಅಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ.

ನಮ್ಮನೆಯವರು ನನ್ನನ್ನು ಬೈಯಲಿಲ್ಲ. ಮೆಟ್ಟಿಲಿಳಿದು ಅಂಗಳಕ್ಕೆ ಹೋದರು. ಆಮೇಲೆ ಗೆಳೆಯನ ಕೈ ಹಿಡಿದು, "ಅಮ್ಮನ ಮಣ್ಣಿಗೂ ಬರ್ನಿಲ್ವಲ್ಲೋ ನಾನು" ಎಂದರು.

ಈಗ ಕಾರು ಸರಿಯಿದೆ. ಭಾನುವಾರಗಳಲ್ಲಿ ಗೆಳೆಯರಿಬ್ಬರೂ ನಮ್ಮ ಜಗಲಿಯ ಮೇಲೆ ಕೂತು ಜಗಳವಾಡಿದಂತೆ ಮಾತಾಡುತ್ತಾರೆ. ಅಕ್ಕನನ್ನು ನೋಡಬೇಕೆನಿಸಿದರೆ ನಾನೇ ಸ್ಕೂಟರಿನಲ್ಲಿ ಹೋಗಿ, ಸಂಜೆಯವರೆಗೆ ಇದ್ದು ಬರುತ್ತೇನೆ. ಬಾಯಿಬಿಟ್ಟು ಕೇಳಿದ್ದರೆ ಅಂದೂ ಅವರು ಬೇಡವೆನ್ನುತ್ತಿರಲಿಲ್ಲ — ಕೇಳಲೇ ಇಲ್ಲ ನಾನು. ಸುಖವಾಗಿದ್ದೇನೆ, ಅದನ್ನೂ ಮುಚ್ಚಿಡುವುದಿಲ್ಲ.

ಆದರೆ ಮದುವೆಮನೆಯಲ್ಲಿ ಅನ್ವರಣ್ಣನ ಹೆಂಡತಿ ನನ್ನೊಬ್ಬಳಿಗೇ ಒಂದು ಮಾತು ಹೇಳಿದರು. ಆ ತಾಯಿ ಕೊನೆಯ ದಿನಗಳಲ್ಲಿ ಬಾಗಿಲು ಸದ್ದಾದಾಗಲೆಲ್ಲ "ರಾಜ ಬಂದ್ನಾ?" ಎಂದು ಕೇಳುತ್ತಿದ್ದರಂತೆ. ಗೆಳೆಯ ನೊಂದಾನೆಂದು ಅನ್ವರಣ್ಣ ಇದನ್ನು ಹೇಳಿಲ್ಲ. ನಾನೂ ಹೇಳಿಲ್ಲ — ಇವತ್ತಿನವರೆಗೆ.

ತೋಟದಿಂದ ಅವರು ಊಟಕ್ಕೆ ಬರುವ ಹೊತ್ತಾಯಿತು. ಹೇಳುತ್ತೇನೆ.