ಬ್ಯಾಟ್ರಿ ಅಣ್ಣನ ಉಗುರು

ಅವರ ಎಡಗೈ ಹೆಬ್ಬೆರಳಿನ ಉಗುರು ಕೊಬ್ಬರಿ ಚೂರಿನಷ್ಟು ದಪ್ಪಗಿತ್ತು. ಮಿಕ್ಕ ಒಂಬತ್ತನ್ನೂ ವಾರಕ್ಕೊಮ್ಮೆ ಒಪ್ಪವಾಗಿ ಕತ್ತರಿಸಿಕೊಳ್ಳುತ್ತಿದ್ದ ಮನುಷ್ಯ ಇದೊಂದನ್ನು ಮಾತ್ರ ಬೆಳೆಸಿ, ಕಲ್ಲಿಗೆ ತೀಡಿ, ತುದಿಯನ್ನು ದುಂಡಗೆ ಮಾಡಿಕೊಂಡಿದ್ದರು. ಫೋನಿನ ಬೆನ್ನಿನ ಸಂದಿಗೆ ಅದನ್ನು ತೂರಿಸಿ ಒಂದು ಸುತ್ತು ಎಳೆದರೆ ಮುಚ್ಚಳ ಟಪ್ಪೆಂದು ಬಿಟ್ಟುಕೊಳ್ಳುತ್ತಿತ್ತು. ಮೇಜಿನ ಮೇಲೆ ಅದೇ ಕೆಲಸಕ್ಕೆಂದು ತೆಳ್ಳಗಿನ ಉಕ್ಕಿನ ಪಟ್ಟಿಯೊಂದು ಇತ್ತು. ಅದನ್ನು ಮುಟ್ಟುತ್ತಿರಲಿಲ್ಲ.

“ಕಬ್ಣಕ್ಕೆ ಏನ್ ಗೊತ್ತಾಯ್ತದಮ್ಮ? ಬ್ಯಾಟ್ರಿ ತಗುಲುದ್ರೂ ಚುಚ್ಕೊಂಡ್ ಹೋಯ್ತದೆ. ಉಗುರಾದ್ರೆ ಅಲ್ಲೇ ನಿಂತ್ಕೊಳ್ತದೆ” ಎನ್ನುತ್ತಿದ್ದರು.

ನಮ್ಮೂರು ಗುಬ್ಬಿಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದೊಂದು ಸಣ್ಣ ಅಂಗಡಿ. ಮೊದಲು ವಾಚು ರಿಪೇರಿ ಮಾಡುತ್ತಿದ್ದರಂತೆ. ಜನ ವಾಚು ಕಟ್ಟುವುದು ಬಿಟ್ಟ ಮೇಲೆ ಮೊಬೈಲಿಗೆ ತಿರುಗಿಕೊಂಡರು. ಊರಿಗೆಲ್ಲ ಅವರು ಬ್ಯಾಟ್ರಿ ಅಣ್ಣ. ಅವರ ಹೆಂಡತಿ ನಮಗೆಲ್ಲ ಅಕ್ಕ.

ನಾನು ತುಮಕೂರಿನ ಪಕ್ಕದ ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರ ಪ್ಯಾಕಿಂಗ್ ವಿಭಾಗಕ್ಕೆ ಸೇರಿದ ಹೊಸತರಲ್ಲಿ ಮೊದಲ ಸ್ಮಾರ್ಟ್‌ಫೋನು ಕೊಂಡೆ. ತಿಂಗಳು ತುಂಬುವ ಮೊದಲೇ ಅದನ್ನು ಬಚ್ಚಲಿನ ಬಕೆಟ್ಟಿಗೆ ಬೀಳಿಸಿದೆ. ಅಕ್ಕಿಯಲ್ಲಿ ಹೂತಿಟ್ಟರೆ ನೀರು ಹೀರಿಕೊಳ್ಳುತ್ತದೆ ಎಂದು ಯಾರೋ ಹೇಳಿದರು. ನಮ್ಮಮ್ಮನಿಗೆ ಅಕ್ಕಿಯ ಮೇಲೆ ಯಾವತ್ತೂ ಗೌರವವಿಲ್ಲ. “ಅಕ್ಕಿಲೇನೈತೆ ಸತ್ವ? ರಾಗಿಗಾಕು” ಎಂದು ರಾಗಿ ಮೂಟೆಯೊಳಗೆ ಮೊಣಕೈವರೆಗೂ ಕೈ ಇಳಿಸಿ ಫೋನನ್ನು ಹೂತುಬಿಟ್ಟಳು. ಎರಡು ದಿನ ಬಿಟ್ಟು ತೆಗೆದರೆ ಚಾರ್ಜರ್ ಚುಚ್ಚುವ ತೂತಿನ ತುಂಬ ರಾಗಿ, ಮಾತು ಕೇಳಿಸುವ ತೂತಿನಲ್ಲೂ ರಾಗಿ.

ಬ್ಯಾಟ್ರಿ ಅಣ್ಣ ಕನ್ನಡಕ ಏರಿಸಿ ನೋಡಿದರು. ನಗಲಿಲ್ಲ. ಸೂಜಿ ತೆಗೆದುಕೊಂಡು ಒಂದೊಂದೇ ಕಾಳನ್ನು ಮೀಟಿ, ಪೇಪರಿನ ಮೇಲೆ ಗುಡ್ಡೆ ಮಾಡಿ, ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟರು. “ಫೋನು ಉಳೀತು. ಇದುನ್ನ ನಿಮ್ಮಮ್ಮಂಗೆ ಕೊಡು, ಮುದ್ದೆಗೆ ಸೇರುಸ್ಕೊಳ್ಲಿ” ಎಂದ ಮೇಲೆಯೇ ಅವರ ಹೊಟ್ಟೆ ಕುಲುಕಿದ್ದು. ನಾನು ನಾಚಿ ನೀರಾದೆ.

ಅಲ್ಲಿಂದಾಚೆಗೆ ನಾನು ಕೊಂಡ ಫೋನುಗಳೆಲ್ಲ ಅವರ ಕಣ್ಣಳತೆಯಲ್ಲೇ ಬಾಳಿದವು. ಅಂಗಡಿಗೆ ಹೋದರೆ ಮೊದಲು ಫೋನಿನ ಬೆನ್ನಿಗೆ ಅಂಗೈ ಮಗುಚಿ ಇಡುತ್ತಿದ್ದರು, ಮಗುವಿಗೆ ಜ್ವರ ನೋಡುವವರ ಹಾಗೆ. “ಬಿಸ್ಲಲ್ಲಿ ಬಂದಿದ್ದೀಯ. ಬಂದೇಟ್ಗೆ ಚಾರ್ಜಿಗೆ ಹಾಕ್ಬೇಡ, ಸುಧಾರುಸ್ಕೊಳ್ಲಿ.” ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡಿದರೆ ಬೈಗುಳ. ಸೊನ್ನೆಗೆ ಇಳಿಸಿದರೆ ಇನ್ನೂ ಜಾಸ್ತಿ ಬೈಗುಳ. “ಹೊಟ್ಟೆ ಬಿರಿಯಂಗೆ ಉಣ್ಣುಸ್ಬೇಡ, ಉಪಾಸಾನೂ ಕೆಡವ್ಬೇಡ. ಇಪ್ಪತ್ತಕ್ಕೆ ಹಾಕು, ಎಂಬತ್ತಕ್ಕೆ ಕೀಳು.” ಬ್ಯಾಟರಿ ಊದಿದೆಯೋ ಇಲ್ಲವೋ ನೋಡುವುದನ್ನೂ ಅವರೇ ಕಲಿಸಿದ್ದು. ಮೇಜಿನ ಮೇಲೆ ಫೋನನ್ನು ಅಂಗಾತ ಮಲಗಿಸಿ ಮೂಲೆಯನ್ನು ಬೆರಳಿನಿಂದ ತಳ್ಳಬೇಕು. ಚಪ್ಪಟೆಯಾಗಿದ್ದರೆ ಕದಲುವುದಿಲ್ಲ, ಊದಿದ್ದರೆ ಗಿರ್ರನೆ ತಿರುಗುತ್ತದೆ.

ನಾಲ್ಕೈದು ವರ್ಷದ ಕೆಳಗೆ ಒಂದು ದಿನ ಅವರು ನನಗೆ ಟೀ ಲೋಟ ಕೊಡುವಾಗ ಅರ್ಧ ಟೀ ಮೇಜಿಗೆ ಚೆಲ್ಲಿತು. ನಾನು ಪೇಪರಿನಿಂದ ಒರೆಸಿದೆ. ಆಮೇಲೆ ಸ್ಕ್ರೂಗಳು ಕೈಯಿಂದ ಉರುಳತೊಡಗಿದವು. ತುಮಕೂರಿನ ಡಾಕ್ಟರು ಇದು ನರದ ಕಾಯಿಲೆ, ವಾಸಿಯಾಗುವುದಲ್ಲ, ಮಾತ್ರೆಯಲ್ಲಿ ತಡೆಯಬಹುದು ಎಂದರಂತೆ. ಮಾತ್ರೆ ನುಂಗಿದ ಮುಕ್ಕಾಲು ಗಂಟೆಗೆ ಕೈ ನಿಲ್ಲುತ್ತಿತ್ತು, ಎರಡು ಗಂಟೆ ನಿಂತಿರುತ್ತಿತ್ತು, ಆಮೇಲೆ ಮತ್ತೆ ನಡುಕ. ಇರುವ ಕೆಲಸವನ್ನೆಲ್ಲ ಅವರು ಆ ಎರಡು ಗಂಟೆಗೆ ಹೊಂದಿಸಿಕೊಂಡರು. “ನಂದೂ ಹಳೇ ಬ್ಯಾಟ್ರಿ ಆಗೋಯ್ತು ಕಣಮ್ಮ. ಎಷ್ಟ್ ಚಾರ್ಜ್ ಮಾಡುದ್ರೂ ಎರಡೇ ಗಂಟೆ” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಜನ ಮೆಲ್ಲಗೆ ತುಮಕೂರಿನ ದಾರಿ ಹಿಡಿದರು. ಅವರನ್ನು ಬೈಯುವುದಕ್ಕೂ ಆಗುವುದಿಲ್ಲ. ಯಾರಿಗೆ ತಾನೇ ತಮ್ಮ ಫೋನು ನಡುಗುವ ಕೈಗೆ ಕೊಡಲು ಮನಸ್ಸು ಬರುತ್ತದೆ?

ಅದೇ ಹೊತ್ತಿಗೆ ನನ್ನ ಮೂರನೇ ಫೋನು ಮೇಜಿನ ಮೇಲೆ ಗಿರ್ರನೆ ತಿರುಗಿತು. ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಅಕ್ಕ ಸಂತೆಯಲ್ಲಿ ಸಿಕ್ಕಿ, “ವಾರದಿಂದ ಒಬ್ರೂ ಬಂದಿಲ್ಲ ಕಣೇ. ಬಾಗ್ಲು ತೆಕ್ಕೊಂಡು ಕೂತಿರ್ತಾರೆ. ನೋಡಕ್ಕಾಗಲ್ಲ” ಎಂದು ಕಣ್ಣೊರೆಸಿಕೊಂಡರು. ನನ್ನ ಬಾಯಿ ಸುಮ್ಮನಿರಲಿಲ್ಲ. “ನಾಳೆ ನಾಲ್ಕು ಗಂಟೆಗೆ ಬರ್ತೀನಿ ಅಂತ ಹೇಳಕ್ಕ, ನಂದೂ ಬ್ಯಾಟ್ರಿ ಊದೈತೆ” ಎಂದೆ.

ಮಾರನೆಯ ದಿನ ಎರಡು ಗಂಟೆಗೆ ಶಿಫ್ಟ್ ಮುಗಿಯಿತು. ತುಮಕೂರಿನಲ್ಲಿ ಇಳಿದೆ. ಗುಬ್ಬಿಗೆ ಹೋಗುವ ಬಸ್ಸು ಕಣ್ಣೆದುರಿಗೇ ನಿಂತಿತ್ತು, ಹತ್ತಲಿಲ್ಲ. ಚೀಲದಲ್ಲಿದ್ದ ಫೋನನ್ನು ಮುಟ್ಟಿ ನೋಡಿಕೊಂಡೆ, ಚೆಲ್ಲಿದ ಟೀ ನೆನಪಾಯಿತು. ಹತ್ತಿರದ ದೊಡ್ಡ ರಿಪೇರಿ ಅಂಗಡಿಗೆ ಹೋಗಿ ಸಾಲಿನಲ್ಲಿ ನಿಂತೆ. ಕೆಲಸವಾದರೆ ಅಣ್ಣನಿಗೆ ಏನಾದರೊಂದು ಸಬೂಬು ಹೇಳಿದರಾಯಿತು ಎಂದುಕೊಂಡೆ. ಒಂದೂವರೆ ಗಂಟೆ ಕಾಯಿಸಿ, ಆ ಮಾಡೆಲ್ಲಿನ ಬ್ಯಾಟರಿ ಇಲ್ಲ, ತರಿಸಬೇಕು, ವಾರ ಆಗುತ್ತದೆ ಎಂದರು. ಗುಬ್ಬಿ ತಲುಪುವಾಗ ಆರು ಗಂಟೆ.

ಬ್ಯಾಟ್ರಿ ಅಣ್ಣ ಒಗೆದ ಅಂಗಿ ತೊಟ್ಟು ಕೂತಿದ್ದರು. ನನಗೆಂದು ಹೊಂದಿಸಿಟ್ಟ ಹೊಸ ಬ್ಯಾಟರಿ ಮೇಜಿನ ಮೇಲಿತ್ತು. ಮಾತ್ರೆಯ ಖಾಲಿ ಹಾಳೆಯೂ ಇತ್ತು. ನಾಲ್ಕು ಗಂಟೆಗೆ ಕೈ ನಿಲ್ಲಲಿ ಎಂದು ಮೂರೂಕಾಲಿಗೇ ನುಂಗಿದ್ದರೆಂದು ಆಮೇಲೆ ಅಕ್ಕ ಹೇಳಿದರು. ನಾನು ಬರುವ ಹೊತ್ತಿಗೆ ಆ ಎರಡು ಗಂಟೆ ಮುಗಿದಿತ್ತು.

“ಬಸ್ಸು ಲೇಟಾಯ್ತೇನಮ್ಮ?”

“ಹೂಂ ಅಣ್ಣ” ಎಂದೆ. “ನಾಳೆ ಬೇಕಾದ್ರೆ ಬರ್ತೀನಿ ಬುಡಣ್ಣ, ಅರ್ಜೆಂಟೇನಿಲ್ಲ.”

“ಬಂದಿದ್ದೀಯಲ್ಲ, ಕೂತ್ಕೋ. ಅಷ್ಟೊತ್ತಿಂದ ಕಾದಿದ್ದೀನಿ.”

ಬೇಡ ಎಂದರೆ ನಿನ್ನ ಕೈ ನಂಬುವುದಿಲ್ಲ ಎಂದಂತೆ. ಕೊಟ್ಟರೆ ಏನಾಗುತ್ತದೋ ಗೊತ್ತಿಲ್ಲ. ಕೊಟ್ಟೆ. ಅವರು ಅದನ್ನು ಬಿಸಿಗಾಳಿಗೆ ಹಿಡಿದು ಅಂಟು ಇಳಿಸಿ, ಎಡಗೈ ಹೆಬ್ಬೆರಳನ್ನು ಸಂದಿಗೆ ತಂದರು. ಆಗ ನೋಡಿದೆ. ಉಗುರು ಇರಲಿಲ್ಲ. ನಡುಕಕ್ಕೆ ಮೈಯೆಲ್ಲ ಪರಚಿಕೊಳ್ಳುತ್ತಾರೆಂದು ಅಕ್ಕನೇ ಕತ್ತರಿಸಿದ್ದರಂತೆ. ಮೊಂಡು ಬೆರಳು ಎರಡು ಸಲ ಜಾರಿತು. ಮೂರನೇ ಸಲಕ್ಕೆ ಅವರು ಉಕ್ಕಿನ ಪಟ್ಟಿ ಕೈಗೆತ್ತಿಕೊಂಡರು.

ಪಟ್ಟಿ ಬ್ಯಾಟರಿಗೆ ಚುಚ್ಚಿಕೊಂಡು ಬುಸ್ ಎಂದು ಹೊಗೆ ಎದ್ದಿತು. ಮೂಲೆಯಲ್ಲಿ ಯಾವಾಗಲೂ ಇರುತ್ತಿದ್ದ ಮರಳಿನ ಬಾಣಲೆಗೆ ಅವರು ಫೋನನ್ನು ಬರಿಗೈಯಲ್ಲೇ ತಳ್ಳಿದರು. ಅಂಗೈಗೆ ಬೊಬ್ಬೆ ಬಂತು. ಫೋನು ಮರಳಿನಲ್ಲಿ ಕರಕಲಾಯಿತು.

“ಹಳೇ ಫೋನು, ಹೋಗ್ಲಿ ಬುಡಣ್ಣ” ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಹೆಬ್ಬೆರಳನ್ನೇ ನೋಡುತ್ತ, “ಉಗುರಿದ್ದಿದ್ರೆ ಗೊತ್ತಾಗ್ತಿತ್ತು” ಎಂದರು.

ಮಾರನೆಯ ದಿನದಿಂದ ಅಂಗಡಿಯ ಬಾಗಿಲು ತೆರೆಯಲಿಲ್ಲ. ಮನೆಗೆ ಹೋದರೆ ಅಣ್ಣ ತಮ್ಮ ಸ್ವಂತ ಫೋನನ್ನು ನನ್ನ ಕೈಗೆ ತುರುಕಿದರು. ಬೇಡವೆಂದು ಹಿಂದಕ್ಕೆ ಸರಿದೆ. “ತಗೊಳ್ಳೇ, ಅವರಿಗೆ ನಿದ್ದೆಯಾದ್ರೂ ಬರ್ಲಿ” ಎಂದು ಅಕ್ಕ ಗದರಿದ ಮೇಲೆ ತೆಗೆದುಕೊಂಡೆ.

ಆಮೇಲೆ ಅವರಿಬ್ಬರನ್ನೂ ಕುಣಿಗಲ್ಲಿನಲ್ಲಿದ್ದ ಮಗಳು ಕರೆದುಕೊಂಡು ಹೋದಳು. ಕೊನೆಯ ಸಲ ನೋಡಲು ಹೋದಾಗ ಅಣ್ಣನ ಮಾತು ತೊದಲುತ್ತಿತ್ತು. ಅಕ್ಕ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ಅಣ್ಣ ನನ್ನನ್ನು ಗುರುತು ಹಿಡಿದು ಹತ್ತಿರ ಕರೆದರು.

“ಅವತ್ತು ಬಸ್ಸು ಲೇಟಾಗ್ದಿದ್ರೆ ಆಗ್ತಿತ್ತು ಕಣಮ್ಮ. ನಾಲ್ಕು ಗಂಟೇಲಿ ಕೈ ಕಲ್ಲಿದ್ದಂಗಿತ್ತು. ಇವ್ಳನ್ನ ಬೇಕಾದ್ರೆ ಕೇಳು.”

ಅಕ್ಕ ಹೌದೆಂದು ತಲೆಯಾಡಿಸಿದರು. ನಿಜ ಹೇಳಿದರೆ ನೀನೂ ನನ್ನ ಕೈ ನಂಬಲಿಲ್ಲವಾ ಎಂದು ಅವರು ಕೇಳದೆ ಇರುತ್ತಿದ್ದರೇ? ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. “ಹೂಂ ಅಣ್ಣ, ಬಸ್ಸಿಂದೇ ತಪ್ಪು” ಎಂದೆ. ಅವರ ಮುಖ ಎಷ್ಟು ಹಗುರಾಯಿತೆಂದರೆ, ನಾನು ಎದ್ದು ಹೊರಗೆ ಬಂದು ಅತ್ತೆ. ಅದಾದ ಹದಿನೈದು ದಿನಕ್ಕೆ ಹೋಗಿಬಿಟ್ಟರು.

ಅವರ ಫೋನು ಈಗಲೂ ನನ್ನ ಹತ್ತಿರವಿದೆ. ಇಪ್ಪತ್ತಕ್ಕೆ ಹಾಕುತ್ತೇನೆ, ಎಂಬತ್ತಕ್ಕೆ ಕೀಳುತ್ತೇನೆ. ಮೇಜಿನ ಮೇಲಿಟ್ಟು ತಳ್ಳಿದರೆ ಇನ್ನೂ ಕದಲುವುದಿಲ್ಲ. ದಿನಾ ತುಮಕೂರಿನಲ್ಲಿ ಗುಬ್ಬಿಯ ಬಸ್ಸು ಹತ್ತುವಾಗ ಅದರಲ್ಲೇ ಗಂಟೆ ನೋಡಿಕೊಳ್ಳುತ್ತೇನೆ. ಅವತ್ತೂ ಬಸ್ಸು ಸರಿಯಾದ ಹೊತ್ತಿಗೇ ಬಂದು ನಿಂತಿತ್ತು.