ಸಿನಿಮಾದವರು ಕೊಂದ ಅಜ್ಜಿ

ಮದುವೆಯಾಗಿ ನರಗುಂದದಿಂದ ಗಜೇಂದ್ರಗಡಕ್ಕೆ ಬಂದಾಗ ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಒಂದು ಮಕ್ಕಳ ಪುಸ್ತಕವಿತ್ತು. ಅಪ್ಪ ಚಿಕ್ಕವನಿದ್ದಾಗ ಓದಿದ್ದು, ನಾನೂ ಓದಿದ್ದು. ಕಿತ್ತುಬಂದಿದ್ದ ಅದರ ರಟ್ಟನ್ನು ಅವ್ವ ಗೋಣಿದಾರದಿಂದ ಹೊಲಿದು ಕೊಟ್ಟಿದ್ದಳು. ಅದನ್ನು ಕಂಡ ನನ್ನ ಅತ್ತೆ, "ಇದೇನವಾ, ಇನ್ನೂ ಸಾಲಿಗೆ ಹೋಗಾಕಿ ಏನು ನೀ?" ಎಂದು ಕೇಳಿದರು. ನಾನು ನಾಚಿಕೊಂಡು ಅದನ್ನು ಮತ್ತೆ ಸೀರೆಗಳ ಕೆಳಗೇ ಇಟ್ಟುಬಿಟ್ಟೆ.

ಅದು ಹೊರಗೆ ಬಂದದ್ದು ನನ್ನ ಮಗಳು, ಮಗ ಇಬ್ಬರೂ ಕಥೆ ಕೇಳುವಷ್ಟು ದೊಡ್ಡವರಾದ ಮೇಲೆ. ಆಗೆಲ್ಲ ಸಂಜೆಯಾದರೆ ಕರೆಂಟು ಹೋಗುತ್ತಿತ್ತು. ಟಿವಿ ಬಂದಾದ ಕೂಡಲೇ ಮಕ್ಕಳು ಜಗಳಕ್ಕೆ ನಿಲ್ಲುತ್ತಿದ್ದರು. ಬೇರೆ ದಾರಿ ಕಾಣದೆ ನಾನು ಕಂದೀಲು ಹಚ್ಚಿ, ದಿನಕ್ಕೊಂದಿಷ್ಟು ಓದಿ ಹೇಳತೊಡಗಿದೆ.

ಕಥೆ ಸರಳವಾದದ್ದು. ಸಂತೆಯಿಂದ ಬರುವ ದಾರಿಯಲ್ಲಿ ಅಕ್ಕ ತಮ್ಮ ಇಬ್ಬರ ಬೆನ್ನುಹತ್ತಿ ಒಂದು ಕತ್ತೆಮರಿ ಮನೆಗೆ ಬರುತ್ತದೆ. ಊರಿನ ಗೌಡ ಅದು ತನ್ನದೆಂದು ತಗಾದೆ ತೆಗೆಯುತ್ತಾನೆ. ಮಕ್ಕಳ ಅಜ್ಜಿ ಪಂಚರ ಮುಂದೆ ನಿಂತು, ಮರಿ ಯಾರ ಹಿಂದೆ ಬರುತ್ತದೋ ಅದು ಅವರದು ಎನ್ನುತ್ತಾಳೆ. ಅವಳ ಸೆರಗಿನ ತುದಿಯಲ್ಲಿ ಬೆಲ್ಲದ ಹೆಂಟೆ ಇರುವುದು ಓದುವವರಿಗೆ ಮಾತ್ರ ಗೊತ್ತು. ಅಜ್ಜನೂ ಇದ್ದಾನೆ, ಆದರೆ ಪುಸ್ತಕ ಮುಗಿಯುವವರೆಗೂ ಅವನು ಕನ್ನಡಕ ಹುಡುಕುತ್ತಲೇ ಇರುತ್ತಾನೆ.

ಅತ್ತೆಗೆ ಓದು ಬರುತ್ತಿರಲಿಲ್ಲ. ಮೊದಮೊದಲು ಮೊರ ತೊಡೆಯ ಮೇಲಿಟ್ಟುಕೊಂಡು, ಕಥೆಗೂ ತಮಗೂ ಸಂಬಂಧವಿಲ್ಲವೆಂಬಂತೆ ಜೋಳದಲ್ಲಿ ಹರಳು ಆರಿಸುತ್ತಿದ್ದರು. ಆಮೇಲೆ ಹರಳು ಮೊರದಲ್ಲೇ ಉಳಿಯತೊಡಗಿದವು. ಬೆಲ್ಲದ ಭಾಗ ಬಂದ ಸಂಜೆ ಅವರು ಮೊರ ಬದಿಗಿಟ್ಟು, "ಇನ್ನೊಮ್ಮೆ ಓದವಾ" ಎಂದರು. ಓದಿದೆ. "ಹೆಂಗಸು ಅಂದ್ರ ಹಿಂಗಿರಬೇಕು ನೋಡು! ಮತ್ತ ಅಜ್ಜ? ನಮ್ಮ ಮನ್ಯಾಗಿನವರ ಗತೇನ ಅದಾನ" ಎಂದು ಮಾವನ ಕಡೆ ಕಣ್ಣಲ್ಲೇ ತೋರಿಸಿ ನಕ್ಕರು. ಮಾವ ಆಗ ನಿಜವಾಗಿಯೂ ಕನ್ನಡಕ ಹುಡುಕುತ್ತಿದ್ದರು. ಆವತ್ತಿನಿಂದ ಅವರಿಗೆ ಆ ಪುಸ್ತಕವೆಂದರೆ ಆಗದು.

ಹೀಗಿರುವಾಗ ಅದೇ ಕಥೆಯ ಸಿನಿಮಾ ಬಂದಿದೆಯೆಂದು ನನ್ನ ಗಂಡ ಸಿಡಿ ಅಂಗಡಿಯಿಂದ ಅದನ್ನು ಬಾಡಿಗೆಗೆ ತಂದರು. ಮನೆಮಂದಿಯೆಲ್ಲ ಕೂತು ನೋಡಬೇಕಾದ ಚಿತ್ರ ಎಂದು ಅದರ ಡಬ್ಬಿಯ ಮೇಲೆಯೇ ಬರೆದಿತ್ತು. ಅತ್ತೆ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟುಕೊಂಡು ಟಿವಿಯ ಎದುರಿಗೇ ಕೂತರು. ಪಕ್ಕದ ಮನೆಯವರನ್ನೂ ಕರೆಸಿದ್ದರು. "ಒಬ್ಬಾಕಿ ಮುದುಕಿ ಬರ್ತಾಳ, ನೋಡ್ರಿ. ಗೌಡಗ ನೀರು ಕುಡಸ್ತಾಳ" ಎಂದು ಮೊದಲೇ ಹೇಳಿಬಿಟ್ಟಿದ್ದರು.

ಸಿನಿಮಾ ಶುರುವಾಯಿತು. ಅಂಗಳ ಬಂತು, ದನದ ಕೊಟ್ಟಿಗೆ ಬಂತು, ಅಡುಗೆಮನೆ ಬಂತು. ಕೊನೆಗೆ ಗೋಡೆಯ ಮೇಲೆ, ಹಾರ ಹಾಕಿದ ಒಂದು ಫೋಟೊ ಬಂತು.

"ಇದ್ಯಾರದು?" ಎಂದರು ಅತ್ತೆ.

"ಆಯಿ, ಅದ ಅಜ್ಜಿ. ಸತ್ತಾಳ" ಎಂದ ನನ್ನ ಮಗ.

"ಯಾವಾಗ ಸತ್ತಳು? ನಿನ್ನೆ ಸಂಜಿ ಪುಸ್ತಕದಾಗ ಇದ್ದಳಲ್ಲೋ!"

ಅದನ್ನು ಸಿನಿಮಾದವರು ಕೊನೆಯವರೆಗೂ ಹೇಳಲಿಲ್ಲ. ಅತ್ತೆ ಮಾತ್ರ ಧೈರ್ಯಗೆಡಲಿಲ್ಲ. ಹಳೆಯದನ್ನು ನೆನೆಸಿಕೊಳ್ಳುವ ಒಂದು ಹಾಡಾದರೂ ಬಂದೀತು, ಅದರಲ್ಲಿ ಅಜ್ಜಿ ಎದ್ದುಬಂದಾಳು ಎಂದು ಕಾದರು. ಹಾಡುಗಳು ಬಂದವು, ಅಜ್ಜಿ ಬರಲಿಲ್ಲ. ಕತ್ತೆಮರಿಯೂ ಬರಲಿಲ್ಲ, ಅದರ ಜಾಗದಲ್ಲಿ ಹಾಲಿನಂಥ ಬಿಳಿ ಕುದುರೆಮರಿ ಕುಣಿಯುತ್ತಿತ್ತು. ಅಜ್ಜನಿಗೆ ಗಿರಿಜಾ ಮೀಸೆ ಬಂದಿತ್ತು. ಅವನ ಕಣ್ಣು ಎಷ್ಟು ಚುರುಕಾಗಿತ್ತೆಂದರೆ ದೂರದ ಗುಡ್ಡದ ಮೇಲಿನ ಗೌಡನ ಆಳನ್ನು ಮನೆಯ ಜಗಲಿಯಿಂದಲೇ ಗುರುತು ಹಿಡಿದ. ಪಂಚರ ಮುಂದೆ ಬೆಲ್ಲದ ಸುದ್ದಿಯೇ ಇಲ್ಲ. ಅಜ್ಜ ನಿಂತು ದೊಡ್ಡ ಭಾಷಣ ಮಾಡಿದ, ಗೌಡ ಕಣ್ಣೀರಿಟ್ಟ.

ಮಾವನ ಕಣ್ಣಲ್ಲೂ ನೀರು. "ಸಿನಿಮಾ ಅಂದ್ರ ಇದು!" ಎಂದರು. "ಪುಸ್ತಕದಾಗ ಪಾಪ ಅಜ್ಜಗ ಏನೂ ಕೆಲಸಾನ ಇರಲಿಲ್ಲ."

"ಅಕಿನ್ನ ಕೊಂದ ಮ್ಯಾಲ ಕೆಲಸಾ ಸಿಕ್ತು" ಎಂದು ಅತ್ತೆ ಎದ್ದು ಒಳಗೆ ಹೋದರು.

ಮರುದಿನದಿಂದ ಇಬ್ಬರ ನಡುವೆ ಮಾತು ಬಂದ್. "ನಿಮ್ಮ ಮಾವಗ ಚಾ ಆಗೇತಿ ಅಂತ ಹೇಳವಾ" ಎಂದು ಅತ್ತೆ ಅಡುಗೆಮನೆಯಿಂದ ಹೇಳುತ್ತಿದ್ದರು. "ಸಕ್ರಿ ಕಡಿಮಿ ಆಗೇತಿ ಅಂತ ನಿಮ್ಮ ಅತ್ತಿಗೆ ಹೇಳು" ಎಂದು ಮಾವ ಪಡಸಾಲೆಯಿಂದ ಹೇಳುತ್ತಿದ್ದರು. ನಡುವೆ ಒಂದು ಬಾಗಿಲು ಮಾತ್ರ ಇತ್ತು, ಅದೂ ತೆರೆದೇ ಇರುತ್ತಿತ್ತು.

ನನ್ನನ್ನು ಕೇಳಿದ್ದರೆ ನಾನು ಪೂರ್ತಿ ಅತ್ತೆಯ ಕಡೆಯವಳೂ ಆಗಿರಲಿಲ್ಲ. ಪುಸ್ತಕದಲ್ಲಿ ಅಕ್ಕನೆಂಬವಳು ನೀರು ತರುವುದು, ತಮ್ಮನ ಅಂಗಿ ಒಗೆಯುವುದು ಬಿಟ್ಟರೆ ಮತ್ತೇನೂ ಮಾಡುವುದಿಲ್ಲ. ಚಿಕ್ಕಂದಿನಲ್ಲಿ ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಸಿನಿಮಾದಲ್ಲಿ ಅವಳು ಕುದುರೆಮರಿಯ ಜೊತೆ ಹೊಳೆ ದಾಟುತ್ತಾಳೆ. ಆ ದೃಶ್ಯ ಬಂದಾಗ ನನ್ನ ಮಗಳು ಬಾಯಿಗಿಟ್ಟುಕೊಂಡಿದ್ದ ಚುರುಮುರಿಯನ್ನು ಅಗಿಯುವುದನ್ನೇ ಮರೆತು ಕೂತಿದ್ದಳು. ಆದರೆ ಇದನ್ನು ಆ ಮನೆಯಲ್ಲಿ ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ.

ಸಿಡಿ ತಿರುಗಿ ಕೊಡಲು ಹೊರಟಾಗ ಅತ್ತೆಯೂ ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆ ಬಂದರು. ಅಂಗಡಿಯವರು ಮುಸಲ್ಮಾನರು, ನಡುವಯಸ್ಸಿನವರು, ಭಾಳ ಸಮಾಧಾನದ ಮನುಷ್ಯ.

"ತಮ್ಮಾ, ಇದರಾಗ ಅಜ್ಜಿ ಇಲ್ಲ. ಅಜ್ಜಿ ಇದ್ದದ್ದು ಕೊಡು" ಎಂದರು ಅತ್ತೆ.

"ಎರಡನೇ ಸಿಡಿ ಹಾಕಿದ್ರೇನ್ರಿ ಯವ್ವಾ?"

"ಹಾಕೀವಿ. ಅದರಾಗೂ ಗ್ವಾಡಿಮ್ಯಾಲನ ಅದಾಳ."

ಅವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಒಳಗೆ ಹೋಗಿ ಹುಡುಕಿ ಇನ್ನೊಂದು ಡಬ್ಬಿ ತಂದರು. "ಇದರಾಗ ಮೊದಲಿಂದ ಕಡೀತನಕಾ ಮುದುಕಿ ಅದಾಳ್ರಿ." ಮೇಲೆ ಕೂದಲು ಕೆದರಿಕೊಂಡು, ಉಗುರು ಚಾಚಿದ ಒಬ್ಬಳು ಇದ್ದಳು, ಅದು ದೆವ್ವದ ಸಿನಿಮಾ. ಅತ್ತೆ ಡಬ್ಬಿಯನ್ನು ಬೆಳಕಿಗೆ ಹಿಡಿದು ಚೆನ್ನಾಗಿ ನೋಡಿ, "ಇಕಿ ಅಲ್ಲ" ಎಂದು ವಾಪಸು ಕೊಟ್ಟರು.

"ಹಂಗಾರ ಇದನ್ನ ಇನ್ನೆರಡು ದಿನಾ ಇಟ್ಕೊಳ್ರಿ ಯವ್ವಾ. ಕೆಲವು ಸಿನಿಮಾ ಮತ್ತೊಮ್ಮೆ ನೋಡಿದ್ರ ಚಲೋ ಅನಸ್ತಾವ" ಎಂದು ಅವರು ನಮ್ಮನ್ನು ಸಾಗಹಾಕಿದರು.

ಅಷ್ಟರಲ್ಲಿ ಬೇಸಿಗೆ ಸೂಟಿಗೆಂದು ರೋಣದಿಂದ ನನ್ನ ನಾದಿನಿಯ ಪುಟ್ಟ ಮಗ ಬಂದಿದ್ದ. ಅವನು ಸಿನಿಮಾ ನೋಡಿರಲಿಲ್ಲವಾದ್ದರಿಂದ ಮತ್ತೊಮ್ಮೆ ಹಾಕಿದೆವು. ಗೋಡೆಯ ಮೇಲಿನ ಫೋಟೊ ಬಂತು. ಅದರ ಕೆಳಗೆ ಅಜ್ಜ ಹಣೆ ಮುಟ್ಟಿಕೊಂಡು ಯೋಚನೆ ಮಾಡುತ್ತಿದ್ದ.

"ಚಸ್ಮಾ ಅಲ್ಲೇ ಐತಿ, ಹಣಿಮ್ಯಾಲ! ಎಷ್ಟ ಸಲಾ ಹೇಳ್ಬೇಕು ನಿನಗ?" ಎಂದಳು ಅಜ್ಜಿ.

ಅಂದರೆ, ಮೂಲೆಯಲ್ಲಿ ಕೂತಿದ್ದ ಅತ್ತೆ ಅಂದಿದ್ದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅದೇ ಸಾಕಾಯಿತು ಅವರಿಗೆ. ಗೌಡ ಬಂದರೆ, "ಬಾಪಾ, ಬಾ. ಕತ್ತಿಗೆ ಸುಣ್ಣಾ ಬಳದು ಕುದ್ರಿ ಮಾಡಿಟ್ಟೀವಿ, ನಿನಗ ಗುರ್ತು ಸಿಗಬಾರದಂತ" ಎಂದರು. ಮಕ್ಕಳು ಹೊಳೆಗೆ ಇಳಿದರೆ, "ಏ ಹುಡುಗೀ, ತಮ್ಮನ್ನ ಅಲ್ಲೇ ದಂಡಿಮ್ಯಾಲ ಬಿಡು, ಅವಗ ಥಂಡಿ ಆಗ್ತೈತಿ. ನೀ ಹೋಗು!" ಎಂದರು. ನನ್ನ ಮಗಳು ಚಪ್ಪಾಳೆ ತಟ್ಟಿದಳು.

"ಡೈಲಾಗ ಕೇಳಸವಲ್ದು ಅಂತ ಹೇಳು ನಿಮ್ಮ ಅತ್ತಿಗೆ" ಎಂದರು ಮಾವ. ನಾನು ಹೇಳಲಿಲ್ಲ.

ಪಂಚರ ಮುಂದಿನ ಭಾಷಣ ಬಂತು. ಅತ್ತೆ ಅಷ್ಟೂ ಹೊತ್ತು ತುಟಿ ಬಿಚ್ಚಲಿಲ್ಲ. ಅಜ್ಜ ಮಾತು ಮುಗಿಸಿ ಮೀಸೆ ಮೇಲೆ ಕೈಯಾಡಿಸುವಾಗ ಮೆಲ್ಲಗೆ, "ನಾ ಮನ್ಯಾಗ ಬಾಯಿಪಾಠ ಮಾಡಿಸಿದ್ದೆಲ್ಲ ಹೇಳಿದಿ. ಖರೇ, ಒಂದ ಮಾತು ಮರತಿ" ಎಂದರು.

ಮಾವನಿಗೆ ತಡೆಯಲಾಗಲಿಲ್ಲ. "ಯಾವ ಮಾತು?" ಎಂದು ನೇರವಾಗಿ ಅತ್ತೆಯನ್ನೇ ಕೇಳಿಬಿಟ್ಟರು. ಕೇಳಿದ ಮೇಲೆ, ತಾವು ಮಾತು ಬಿಟ್ಟಿದ್ದು ನೆನಪಾಗಿ ಬಾಯಿ ಮುಚ್ಚಿಕೊಂಡರು.

"ಬೆಲ್ಲಾ ಯಾರ ಸೆರಗಿನಾಗ ಇತ್ತು ಅನ್ನೂದು" ಎಂದರು ಅತ್ತೆ.

ಮಾವ ನಕ್ಕ ರಭಸಕ್ಕೆ ಕನ್ನಡಕ ಜಾರಿ ಮಡಿಲಿಗೆ ಬಿತ್ತು. ಆ ಸಂಜೆ ಚಹಾ ಆಗಿದೆಯೆಂದು ಹೇಳಲು ನನ್ನನ್ನು ಯಾರೂ ಕರೆಯಲಿಲ್ಲ.

ಆಮೇಲೆ ಓಣಿಯ ಮಕ್ಕಳಿಗೆಲ್ಲ ಆ ಸಿನಿಮಾವನ್ನು ನಮ್ಮ ಮನೆಯಲ್ಲೇ ನೋಡಬೇಕು. ಸಿಡಿ ಅಂಗಡಿಯವರು ಒಮ್ಮೆ ಹಳೆಯ ಬಾಡಿಗೆ ಕೇಳಲು ಬಂದು, ಕೂತು, ಪೂರ್ತಿ ನೋಡಿ, ಹಾಗೇ ಹೋದರು.

ಮುಂದಿನ ವರ್ಷ ಯಾವುದೋ ಭಾನುವಾರ ಆ ಸಿನಿಮಾ ಟಿವಿಯಲ್ಲಿ ಬಂತು. ನಮ್ಮಲ್ಲಿ ಕರೆಂಟಿರಲಿಲ್ಲ. ಫೋನು ರಿಂಗಾಯಿತು, ಎತ್ತಿದರೆ ರೋಣದಿಂದ ನಾದಿನಿಯ ಮಗ. ಅಳುತ್ತಿದ್ದ.

"ಮಾಮಿ, ಟಿವಿಯವ್ರು ಅಜ್ಜಿ ಮಾತೆಲ್ಲಾ ಕತ್ತರಿಸಿ ಒಗದಾರ! ಬರೇ ಫೋಟೊ ತೋರಸಾಕ ಹತ್ಯಾರ!"

ಅತ್ತೆ ನನ್ನ ಕೈಯಿಂದ ರಿಸೀವರ್ ಕಸಿದುಕೊಂಡು, ಗೋಡೆಗೆ ಒರಗಿ ಆರಾಮಾಗಿ ಕೂತು, "ಅಳಬ್ಯಾಡೋ ನನ ರಾಜಾ. ಈಗ ಎಲ್ಲಿಗೆ ಬಂದೈತಿ ಸಿನಿಮಾ, ಹೇಳು" ಎಂದರು.