ಅಕ್ಕನ ಕಿಡ್ನಿ, ನನ್ನ ಹೊಟ್ಟೆ

ಮೊದಲು ಊದಿಕೊಂಡಿದ್ದು ಪಾದ. ಹೊಸ ಚಪ್ಪಲಿ ಬಿಗಿಯಾಯಿತೆಂದು ಅಂಗಡಿಯವನೊಂದಿಗೆ ಜಗಳಕ್ಕೆ ನಿಂತೆ. ಆಮೇಲೆ ಮುಖ ಊದಿತು. ಸರ್ ಮೈಕೈ ತುಂಬಿಕೊಂಡಿದ್ದಾರೆಂದು ಬ್ಯಾಡಗಿಯ ನನ್ನ ಹೈಸ್ಕೂಲಿನ ಮಕ್ಕಳು ಸಂತೋಷಪಟ್ಟರು. ನಾನೂ ಪಟ್ಟೆ. ಕಣ್ಣು ಮುಚ್ಚಿ ಮೂತ್ರಪಿಂಡದ ಚಿತ್ರ ಬರೆಯಬಲ್ಲ ವಿಜ್ಞಾನದ ಮಾಸ್ತರ ನಾನು. ಪುಸ್ತಕದ ಬದನೆಕಾಯಿ ಎನ್ನುವುದು ಇದಕ್ಕೇ.

ಹುಬ್ಬಳ್ಳಿಯ ಡಾಕ್ಟರು ರಿಪೋರ್ಟ್ ನೋಡಿ, ಕಿಡ್ನಿ ಫೇಲ್ ಆಗಿದೆ ಎಂದರು. ಯಾವುದು ಎಂದು ಕೇಳಿದೆ.

ಎರಡೂ.

ಡಯಾಲಿಸಿಸ್ ಶುರುವಾಯಿತು. ಕಿಡ್ನಿ ಕೊಡಲು ಹೆಂಡತಿ ಮುಂದಾದಳು, ಬ್ಲಡ್ ಗ್ರೂಪ್ ಹೊಂದಲಿಲ್ಲ. ಕದರಮಂಡಲಗಿಯಲ್ಲಿರುವ ಅಕ್ಕನನ್ನು ಹೇಗೆ ಕೇಳುವುದೆಂದು ನಾವಿಬ್ಬರೂ ಗುಸುಗುಸು ಮಾಡುತ್ತಿರುವಾಗಲೇ ಆಕೆ ಬ್ಯಾಗು ಹಿಡಿದು ಬಂದಿಳಿದಳು.

"ನಂದೊಂದು ತಗೋ. ಸಣ್ಣಾಂವ ಇದ್ದಾಗ ನನ್ನ ತಾಟಿನ್ಯಾಗಿಂದು ಕಸಗೊಂಡು ತಿಂದಾಂವ, ಈಗ್ಯಾಕ ನಾಚ್ತಿ?"

ಆಪರೇಷನ್ ಆಯಿತು. ಕಿಡ್ನಿಯ ಹಿಂದೆಯೇ ಅಕ್ಕನ ಆಡಳಿತವೂ ಬಂತು. ಉಪ್ಪಿನಕಾಯಿ ಬಂದ್. ಹಪ್ಪಳ ಬಂದ್. ನಿನ್ನ ನಾಲಿಗೆಯ ಚಪಲಕ್ಕೆ ನನ್ನ ಕಿಡ್ನಿ ಯಾಕೆ ದುಡಿಯಬೇಕು ಎಂದು ಕೇಳುವಳು. ಹೊಟ್ಟೆ ನನ್ನದು, ಹುಕುಂ ಆಕೆಯದು. ಬೈಗುಳವನ್ನೇನೋ ತಡೆದುಕೊಳ್ಳಬಹುದು. ಆದರೆ ಆಕೆ ಪಕ್ಕೆ ಹಿಡಿದುಕೊಂಡು ಏಳುವುದನ್ನು ನೋಡಿದರೆ ನನ್ನ ಜೀವ ಹಿಂಡುತ್ತಿತ್ತು. ಕೊಟ್ಟು ತಪ್ಪು ಮಾಡಿದೆ ಅನ್ನಿಸಿದೆಯೇ ಎಂದು ಕೇಳಲು ಧೈರ್ಯ ಬರಲಿಲ್ಲ.

ಸೋಂಕು ತಗಲದಿರಲೆಂದು ಮಾಸ್ಕ್ ಕಟ್ಟಿಕೊಂಡು ಶಾಲೆಗೆ ಮರಳಿದಾಗ ಮೆಣಸಿನಕಾಯಿ ಸುಗ್ಗಿ. ಊರೆಲ್ಲ ಸೀನುತ್ತಿತ್ತು, ಮಾಸ್ಕ್ ಮಾತ್ರ ನನಗೊಬ್ಬನಿಗೆ. ಹತ್ತನೇ ಕ್ಲಾಸಿಗೆ ಅಂಗಾಂಗ ದಾನದ ಪಾಠ ಮಾಡಿದೆ. ನನ್ನನ್ನೇ ಉದಾಹರಣೆ ಕೊಟ್ಟಿದ್ದು ಎಡವಟ್ಟಾಯಿತು. ಕಿಡ್ನಿ ಕೊಡುವುದು ಅಕ್ಕಂದಿರ ಕೆಲಸವೆಂದೇ ಹುಡುಗರು ತಿಳಿದರು. ಕೆಲವರು ಮನೆಯಲ್ಲಿ ಅಕ್ಕನ ಜಡೆ ಎಳೆಯುವುದನ್ನೂ ಬಿಟ್ಟರಂತೆ. ಮರುದಿನ ಬಸವರಾಜನೆಂಬ ಹುಡುಗ ಕಂಗಾಲಾಗಿ ಎದ್ದು ನಿಂತ.

"ಸರ್, ನನಗ ಅಕ್ಕ ಇಲ್ರಿ. ನಾ ಏನ್ ಮಾಡ್ಲಿ?"

ಮಿದುಳು ಸತ್ತವರ ಮನೆಯವರು ಒಪ್ಪಿದರೆ ಗುರುತು ಪರಿಚಯ ಇಲ್ಲದವರ ಕಿಡ್ನಿಯೂ ಸಿಗುತ್ತದೆ, ಅಕ್ಕ ಇಲ್ಲದವರಿಗಾಗಿಯೇ ಈ ದಾನ ಇರುವುದು ಎಂದು ವಿವರಿಸುತ್ತಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕ. ನನ್ನ ಊಟದ ಡಬ್ಬಿಯ ತಪಾಸಣೆಗೆ ಬಂದಿದ್ದಳು.

ನನಗೆ ಕಿಡ್ನಿ ಕೊಟ್ಟವರು ಇವರೇ ಎಂದೆ. ಮಕ್ಕಳು ಬಾಯಿ ತೆರೆದು ನೋಡಿದರು. ಮುಂದಿನ ಬೆಂಚಿನ ರೇಣುಕಾ ಕೇಳಿಯೇಬಿಟ್ಟಳು, "ಅಕ್ಕಾರ, ಯಾಕರ ಕೊಟ್ಟೆ ಅನಸೇತೇನ್ರಿ ನಿಮಗ?"

ನಾನು ತಿರುಗಿ, ಏನೂ ಬರೆಯದ ಬೋರ್ಡನ್ನು ಒರೆಸತೊಡಗಿದೆ.

"ಭಾಳ ನೋವಾತವಾ, ಸುಳ್ಳ ಯಾಕ ಹೇಳ್ಲಿ," ಎಂದಳು ಅಕ್ಕ. "ಆದ್ರ ಅಪ್ಪ ಇಲ್ಲ, ಅವ್ವ ಇಲ್ಲ. ಪಂಚಮಿ ಹಬ್ಬಕ್ಕ ನನ್ನ ಕರೆಯಾಕ ಬರಾಂವ ಇವನೊಬ್ಬನ. ನಾ ಇವಗ ಏನೂ ಕೊಟ್ಟಿಲ್ಲ. ನನ್ನ ತವರಮನಿ ಉಳಿಸಿಕೊಂಡೇನಿ."

ಹುಡುಗರ ಎದುರಿಗೇ ಅತ್ತುಬಿಟ್ಟೆ.

ಗುಳಿಗೆ ಇನ್ನು ಜೀವನಪೂರ್ತಿ. ಎಲ್ಲವೂ ಸರಿಯಿದೆ, ಆದರೆ ಮೈಮರೆಯಬೇಡಿ ಎಂದು ಡಾಕ್ಟರು ಪ್ರತಿ ಸಲವೂ ಹೇಳುತ್ತಾರೆ. ಮೈಮರೆತಿಲ್ಲ. ಈ ಸಲದ ಪಂಚಮಿಗೆ ಮೊದಲ ಬಸ್ಸಿಗೇ ಕದರಮಂಡಲಗಿಗೆ ಹೋಗಿ ಅಕ್ಕನನ್ನು ಕರೆತಂದೆ.